ಸ್ಪ್ಯಾನಿಷ್ ಕಲಿಯಲು ಇಂಗ್ಲಿಷ್ ದಾರಿಯೇ ಆಗಬೇಕೆ?

ಬೆಂಗಳೂರಿನಲ್ಲಿ ಸಂಜೆ ಹೊತ್ತು ಸ್ಪ್ಯಾನಿಷ್ ಪಾಠ ಹೇಳುವವಳು ನಾನು. ಹಾಸನ, ದಾವಣಗೆರೆ, ಶಿರಸಿ ಕಡೆಯಿಂದ ಬಂದು ಇಲ್ಲಿನ ಕಂಪನಿಗಳಲ್ಲಿ ಮೆಕ್ಸಿಕೊ, ಕೊಲಂಬಿಯಾದ ಗ್ರಾಹಕರ ಜೊತೆ ಕೆಲಸ ಮಾಡುವ ಹುಡುಗ ಹುಡುಗಿಯರೇ ನನ್ನ ತರಗತಿಯಲ್ಲಿ ಹೆಚ್ಚು. ಸುಮಾರು 20 ದೇಶಗಳ ಆಡಳಿತ ಭಾಷೆಯಾದ ಸ್ಪ್ಯಾನಿಷ್‌ನ ವ್ಯಾಕರಣವನ್ನು ಇವರಿಗೆ ಇಂಗ್ಲಿಷ್‌ನಲ್ಲೇ ವಿವರಿಸುವುದು ರೂಢಿ. ಈ ರೂಢಿ ಹೋಗಬೇಕು. ಯಾಕೆನ್ನುವುದು, ಹೊಸಬರ ಮೊದಲ ಭೇಟಿಯ ಬಗ್ಗೆ ಮಾತಾಡಲು ಕಲಿಸುವ ಪಾಠದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಭೇಟಿಯಾದವರು ಇಷ್ಟವಾದರೆ ಸ್ಪ್ಯಾನಿಷ್‌ನಲ್ಲಿ 'ಮೆ ಕಾಯೆರೋನ್ ಬಿಯೆನ್' ಅನ್ನುತ್ತಾರೆ. 'ಮೆ' ಅಂದರೆ ನನಗೆ. ಒಬ್ಬರಾದರೆ 'ಕಾಯೋ', ಹಲವರಾದರೆ 'ಕಾಯೆರೋನ್'. ಕ್ರಿಯಾಪದ ಎದುರಿಗಿರುವವರನ್ನು ಅನುಸರಿಸುತ್ತದೆ, ನನ್ನನ್ನಲ್ಲ. 'ನನಗೆ ಅವನು ಹಿಡಿಸಿದ, ಅವರು ಹಿಡಿಸಿದರು' ಎಂದು ದಿನವೂ ಆಡುವವರಿಗೆ ಇದರಲ್ಲಿ ಹೊಸದೇನಿದೆ? ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡವರು ಮಾತ್ರ 'ನಾನು' ಎಂದು ಶುರುಮಾಡಿ ಅಲ್ಲೇ ಸಿಕ್ಕಿಬೀಳುತ್ತಾರೆ. ಇನ್ನು ಕೆಲವರು 'ಮೆ ಗುಸ್ತಾಸ್' ಅಂದುಬಿಡುತ್ತಾರೆ. ಹೊಸ ಸಹೋದ್ಯೋಗಿಗೆ ಹಾಗೆ ಹೇಳಿದರೆ ಪ್ರೇಮ ನಿವೇದನೆಯಂತೆ ಕೇಳಿಸುತ್ತದೆ. ಅಲ್ಲಿಗೆ 'ಮೆ ಕಾಎಸ್ ಬಿಯೆನ್' ಸರಿ.

ಕಲಿಯುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು 'ಸೆರ್', 'ಎಸ್ತಾರ್' ಎಂಬ ಎರಡು ಕ್ರಿಯಾಪದಗಳು. ಮೊದಲ ಮೀಟಿಂಗಿನಲ್ಲಿ ಒಬ್ಬ ಬಾಯಿಯೇ ಬಿಡಲಿಲ್ಲ ಅನ್ನೋಣ. 'ಎಸ್ ಕಯಾದೊ' ಅಂದರೆ ಅವನ ಸ್ವಭಾವವೇ ಅಂಥದ್ದು, ಮಿತಭಾಷಿ ಎಂದು ತೀರ್ಮಾನಿಸಿದ ಹಾಗೆ. 'ಎಸ್ತಾ ಕಯಾದೊ' ಅಂದರೆ ಈಗ ಸುಮ್ಮನಿದ್ದಾನೆ, ಅಷ್ಟೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಕನ್ನಡದಲ್ಲಿ 'ಅವನು ಮಿತಭಾಷಿ' ಅನ್ನುವಾಗ ಕ್ರಿಯಾಪದವೇ ಬೇಡ, 'ಸುಮ್ಮನಿದ್ದಾನೆ' ಅನ್ನುವಾಗ 'ಇರು' ಬೇಕು. ಎಲ್ಲ ವಾಕ್ಯಕ್ಕೂ ಈ ಅಳತೆ ಹೊಂದುವುದಿಲ್ಲ, ನಿಜ. 'ಎತ್ತರವಾಗಿದ್ದಾನೆ' ಅನ್ನಲು ಸ್ಪ್ಯಾನಿಷ್‌ನಲ್ಲಿ 'ಸೆರ್' ಬೇಕು. ಆದರೂ ಸ್ವಭಾವ ಬೇರೆ, ಸದ್ಯದ ಸ್ಥಿತಿ ಬೇರೆ ಎಂಬುದನ್ನು ನಮ್ಮ ಮಕ್ಕಳಿಗೆ ಕಲಿಸಬೇಕಾಗಿಲ್ಲ. ಅದು ಅವರ ನಾಲಿಗೆಯ ಮೇಲೇ ಇದೆ. ಅದನ್ನು ಬದಿಗೊತ್ತಿ ಇಂಗ್ಲಿಷ್ ಕೋಷ್ಟಕ ಬಾಯಿಪಾಠ ಮಾಡಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಭೂತಕಾಲದ ಎರಡು ರೂಪಗಳೂ ಹಾಗೆಯೇ. ಅವತ್ತಿನ ಭೇಟಿಯಲ್ಲಿ 'ಹಿಡಿಸಲಿಲ್ಲ' ಅಂದರೆ 'ಮೆ ಕಾಯೋ ಮಾಲ್'. ಬಹಳ ಕಾಲ 'ಹಿಡಿಸುತ್ತಿರಲಿಲ್ಲ' ಅಂದರೆ 'ಮೆ ಕಾಈಯ ಮಾಲ್'.

ಕನ್ನಡ ಕೈಹಿಡಿಯದ ಜಾಗಗಳೂ ಇವೆ. ಪರಿಚಯವಾದಾಗ 'ಸಂತೋಷ' ಎನ್ನಲು ಗಂಡಸು 'ಎಂಕಾಂತಾದೊ', ಹೆಂಗಸು 'ಎಂಕಾಂತಾದಾ' ಅನ್ನಬೇಕು. ಇದನ್ನು ರೂಢಿಯಿಂದಲೇ ಕಲಿಯಬೇಕು.

ತರಗತಿಯಲ್ಲಿ ತಮಿಳು, ಮರಾಠಿ ಮನೆಮಾತಿನವರೂ ಇರುತ್ತಾರಲ್ಲ, ಅವರೇನು ಮಾಡಬೇಕು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ತಮಿಳರು 'ಎನಕ್ಕು ಪಿಡಿಕ್ಕುಂ' ಅನ್ನುತ್ತಾರೆ, ಮರಾಠಿಗರು 'ಮಲಾ ಆವಡತೋ' ಅನ್ನುತ್ತಾರೆ. ಇಬ್ಬರ ಮಾತೂ 'ನನಗೆ' ಎಂದೇ ಶುರುವಾಗುತ್ತದೆ. ಅವರವರ ವಾಕ್ಯವನ್ನು ಅವರಿಂದಲೇ ಹೇಳಿಸಿ, ಪಕ್ಕದಲ್ಲಿ ಸ್ಪ್ಯಾನಿಷ್ ವಾಕ್ಯ ಬರೆದರಾಯಿತು. ಮುಂದಿನ ತಂಡಕ್ಕೆ ನಾನು ಕೊಡುವ ಟಿಪ್ಪಣಿ ಕನ್ನಡದಲ್ಲೇ ಇರುತ್ತದೆ.