ಮತಪತ್ರದ ಮುಂದೆ ಆತ್ಮಸಾಕ್ಷಿ

ಅಮೆರಿಕ ಸಂಯುಕ್ತ ಸಂಸ್ಥಾನದ ಐವತ್ತು ರಾಜ್ಯಗಳಲ್ಲಿ ವಿಸ್ತೀರ್ಣದಿಂದ ಅತ್ಯಂತ ಚಿಕ್ಕದು ರೋಡ್ ಐಲೆಂಡ್. ನಮ್ಮ ದಕ್ಷಿಣ ಕನ್ನಡ ಜಿಲ್ಲೆಗಿಂತಲೂ ಕಿರಿದಾದ ಆ ರಾಜ್ಯದ ಧ್ವಜದ ಮೇಲೆ ಹೊನ್ನಿನ ಬಣ್ಣದ ಒಂದು ಲಂಗರು, ಅದರ ಕೆಳಗೆ 'ಭರವಸೆ' ಎಂಬರ್ಥದ ಒಂದೇ ಒಂದು ಪದ ಇವೆ. ಭರವಸೆಯನ್ನು ಆತ್ಮದ ಲಂಗರಿಗೆ ಹೋಲಿಸುವ ಹಿಬ್ರಿಯರಿಗೆ ಬರೆದ ಪತ್ರವನ್ನು ಓದಿದ ಯಾರಿಗೂ ಆ ಲಾಂಛನ ಅಪರಿಚಿತವೆನಿಸದು. ಸುಮಾರು ಹನ್ನೊಂದು ಲಕ್ಷ ಜನಸಂಖ್ಯೆಯ ಈ ರಾಜ್ಯವು ಕಥೋಲಿಕರ ಪ್ರಮಾಣ ಅತಿ ಹೆಚ್ಚಾಗಿರುವ ಅಮೆರಿಕನ್ ರಾಜ್ಯಗಳ ಸಾಲಿನಲ್ಲಿ ಮುಂಚೂಣಿಯಲ್ಲಿದೆ. ಹೀಗಾಗಿ ಅಲ್ಲಿನ ಚುನಾವಣೆಗಳು ದೂರದ ಸುದ್ದಿಯಾದರೂ ನಮ್ಮ ಚಿಂತನೆಗೆ ಯೋಗ್ಯವಾದವು ಎಂದು ನಾವು ಭಾವಿಸುತ್ತೇವೆ.

ಮೊದಲು ಅಲ್ಲಿನ ವ್ಯವಸ್ಥೆಯನ್ನು ಅರಿತುಕೊಳ್ಳಬೇಕು. ನಮ್ಮಲ್ಲಿ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಮಂತ್ರಿಗಳನ್ನು ಮುಖ್ಯಮಂತ್ರಿಗಳು ಆರಿಸಿಕೊಳ್ಳುತ್ತಾರೆ. ರೋಡ್ ಐಲೆಂಡ್‌ನಲ್ಲಾದರೋ ಆಡಳಿತದ ಐದು ಪ್ರಮುಖ ಹುದ್ದೆಗಳಿಗೆ ಇಡೀ ರಾಜ್ಯದ ಮತದಾರರೇ ನೇರವಾಗಿ, ಪ್ರತ್ಯೇಕ ಪ್ರತ್ಯೇಕವಾಗಿ ಮತ ನೀಡುತ್ತಾರೆ. ಆಡಳಿತದ ಮುಖ್ಯಸ್ಥರಾದ ಗವರ್ನರ್, ಅವರ ಸ್ಥಾನ ತೆರವಾದರೆ ಅದನ್ನು ತುಂಬುವ ಲೆಫ್ಟಿನೆಂಟ್ ಗವರ್ನರ್, ದಾಖಲೆಪತ್ರಗಳನ್ನೂ ಚುನಾವಣೆಯ ಸಿದ್ಧತೆಯನ್ನೂ ನೋಡಿಕೊಳ್ಳುವ ರಾಜ್ಯ ಕಾರ್ಯದರ್ಶಿ, ಅಪರಾಧ ಮೊಕದ್ದಮೆಗಳನ್ನು ನಡೆಸುವ ಅಟಾರ್ನಿ ಜನರಲ್, ಬೊಕ್ಕಸವನ್ನು ಕಾಯುವ ಖಜಾಂಚಿ, ಇವರೇ ಆ ಐವರು. ಒಬ್ಬರು ಒಂದು ಪಕ್ಷದವರಾಗಿ ಇನ್ನೊಬ್ಬರು ಬೇರೆ ಪಕ್ಷದವರಾಗಿರುವುದಕ್ಕೆ ಯಾವ ಅಡ್ಡಿಯೂ ಇಲ್ಲ. 1984ರ ಚುನಾವಣೆಯಲ್ಲಿ ಮತದಾರರು ಮೂರು ಹುದ್ದೆಗಳನ್ನು ರಿಪಬ್ಲಿಕನ್ ಪಕ್ಷಕ್ಕೂ ಎರಡನ್ನು ಡೆಮಾಕ್ರಟಿಕ್ ಪಕ್ಷಕ್ಕೂ ಕೊಟ್ಟರು.

ಈ ಮತದಾನದ ಹಕ್ಕು ಅಲ್ಲಿನ ಕಥೋಲಿಕರಿಗೆ ಸುಲಭವಾಗಿ ದೊರೆತದ್ದಲ್ಲ. ಧಾರ್ಮಿಕ ಸ್ವಾತಂತ್ರ್ಯವನ್ನು ಅರಸಿ ಬಂದ ರೋಜರ್ ವಿಲಿಯಮ್ಸ್ 1636ರಲ್ಲಿ ಪ್ರಾವಿಡೆನ್ಸ್ ಪಟ್ಟಣವನ್ನು ಸ್ಥಾಪಿಸಿದ ನಾಡು ಅದು. ಆದರೂ ಮುಂದೆ ಅಲ್ಲಿನ ಕಾನೂನು ಸಂಗ್ರಹದೊಳಗೆ ಕಥೋಲಿಕರನ್ನು ಪೌರ ಹಕ್ಕುಗಳಿಂದ ಹೊರಗಿಡುವ ಮಾತು ಸೇರಿಕೊಂಡಿತು. ಅದನ್ನು ಕಿತ್ತುಹಾಕಿದ್ದು 1783ರಲ್ಲಿ. ಬಳಿಕ ಐರ್ಲೆಂಡ್‌ನಿಂದ ಬಡ ಕಥೋಲಿಕ ಕಾರ್ಮಿಕರು ತಂಡತಂಡವಾಗಿ ಬಂದರು. ಆಗ ಬೇರೊಂದು ಗೋಡೆ ಎದ್ದಿತು. 1843ರಲ್ಲಿ ಜಾರಿಗೆ ಬಂದ ಸಂವಿಧಾನದಂತೆ, ಹೊರದೇಶದಲ್ಲಿ ಹುಟ್ಟಿ ಅಲ್ಲಿನ ಪೌರತ್ವ ಪಡೆದವನು ಮತ ಹಾಕಬೇಕಾದರೆ 134 ಡಾಲರು ಬೆಲೆಯ ಸ್ಥಿರಾಸ್ತಿಯ ಒಡೆಯನಾಗಿರಬೇಕಿತ್ತು. ಗಿರಣಿಯಲ್ಲಿ ದುಡಿದು ಬಾಡಿಗೆಯ ಕೋಣೆಯಲ್ಲಿ ಬದುಕುವವನಿಗೆ ಭೂಮಿ ಎಲ್ಲಿಂದ ಬರಬೇಕು? 1888ರ ತಿದ್ದುಪಡಿಯಿಂದ ಆ ನಿರ್ಬಂಧ ಸಡಿಲಗೊಂಡಿತು. ಅದಾದ ಹದಿನೆಂಟೇ ವರ್ಷಗಳಲ್ಲಿ, 1906ರ ಚುನಾವಣೆಯಲ್ಲಿ, ಐರಿಷ್ ಮೂಲದ ಕಥೋಲಿಕರಾದ ಜೇಮ್ಸ್ ಹಿಗ್ಗಿನ್ಸ್ ಗವರ್ನರ್ ಆಗಿ ಆಯ್ಕೆಯಾದರು. 2022ರಲ್ಲಿ, ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿದ ಸಬೀನಾ ಮಾಟೋಸ್ ಎಂಬ ಮಹಿಳೆಯನ್ನು ಅದೇ ರಾಜ್ಯದ ಮತದಾರರು ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ಚುನಾಯಿಸಿದರು. ಒಂದು ಕಾಲಕ್ಕೆ ಮತ ಹಾಕುವ ಹಕ್ಕೇ ಇಲ್ಲದಿದ್ದವರ ಸಾಲಿನವರು ಇಂದು ಮತ ಪಡೆಯುವವರಾಗಿದ್ದಾರೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ನಮ್ಮವರ ಹೆಗ್ಗಳಿಕೆಯ ಕಥೆಯಾದೀತು. ಆದರೆ ಸತ್ಯದ ಇನ್ನೊಂದು ಮುಖವನ್ನೂ ನೋಡುವ ಧೈರ್ಯ ನಮಗಿರಬೇಕು. 'ನಮ್ಮವನು' ಗೆದ್ದ ಮಾತ್ರಕ್ಕೆ ನ್ಯಾಯ ಗೆಲ್ಲುವುದಿಲ್ಲ ಎಂಬುದಕ್ಕೆ ರೋಡ್ ಐಲೆಂಡ್ ಸಾಕ್ಷಿಯಾಗಿದೆ. ಕಥೋಲಿಕ ವಿದ್ಯಾಸಂಸ್ಥೆಗಳಲ್ಲಿ ಕಲಿತು, 1985ರಿಂದ 1991ರವರೆಗೆ ಗವರ್ನರ್ ಆಗಿದ್ದ ಎಡ್ವರ್ಡ್ ಡಿಪ್ರೀಟ್ ಸರಕಾರಿ ಗುತ್ತಿಗೆಗಳಿಗಾಗಿ ಲಂಚ ಪಡೆದ ಆರೋಪದಲ್ಲಿ 1998ರಲ್ಲಿ ತಪ್ಪೊಪ್ಪಿಕೊಂಡು ಸೆರೆಮನೆ ಸೇರಿದರು. ಅವರ ಅನಂತರ ಬಂದ ಬ್ರೂಸ್ ಸಂಡ್ಲನ್ ಯೆಹೂದ್ಯ ಧರ್ಮದವರು. 1991ರ ಜನವರಿ 1ರಂದು ಅಧಿಕಾರ ವಹಿಸಿಕೊಂಡ ದಿನವೇ, ಠೇವಣಿ ವಿಮೆಯ ಆಸರೆ ಕುಸಿದಿದ್ದ 45 ಸಾಲ ಸಹಕಾರಿ ಸಂಸ್ಥೆಗಳು ಮತ್ತು ಬ್ಯಾಂಕುಗಳನ್ನು ಮುಚ್ಚಿಸುವ ಕಠಿಣ ನಿರ್ಧಾರವನ್ನು ಅವರು ಕೈಗೊಳ್ಳಬೇಕಾಯಿತು. ಕಥೋಲಿಕರೇ ಅಧಿಕವಾಗಿರುವ ರಾಜ್ಯದ ಮತದಾರರು ಬಿಕ್ಕಟ್ಟಿನ ಹೊತ್ತಿನಲ್ಲಿ ಅನ್ಯಧರ್ಮೀಯರೊಬ್ಬರ ಕೈಗೆ ಚುಕ್ಕಾಣಿ ಕೊಟ್ಟಿದ್ದರೆಂಬುದು ಗಮನಾರ್ಹ.

ಜೀವದ ಪಾವಿತ್ರ್ಯದ ವಿಷಯದಲ್ಲಿಯೂ ಇದೇ ಮಾತು. 2019ರಲ್ಲಿ ಗರ್ಭಪಾತದ ಹಕ್ಕನ್ನು ರಾಜ್ಯದ ಕಾನೂನಿನಲ್ಲಿ ಸ್ಥಾಪಿಸುವ ಮಸೂದೆಗೆ ಸಹಿ ಹಾಕಿದ ಗವರ್ನರ್ ಜೀನಾ ರೈಮಾಂಡೊ ಸ್ವತಃ ಕಥೋಲಿಕ ಮನೆತನದವರೇ. ಧರ್ಮಸಭೆಯ ಬೋಧನೆಯನ್ನು ಮನಸಾರೆ ನಂಬಿದವರಿಗೆ ಅದು ನೋವಿನ ಸಂಗತಿ. ಜ್ಞಾನಸ್ನಾನದ ದಾಖಲೆಯಲ್ಲಿರುವ ಹೆಸರು ಆಡಳಿತಗಾರನ ನಡೆಗೆ ಜಾಮೀನು ಅಲ್ಲ. ಅಭ್ಯರ್ಥಿಯ ಹೆಸರಿನ ಹಿಂದಿರುವ ಸಂತನ ಹೆಸರನ್ನು ನೋಡಿ ಮತ ಹಾಕುವವರು ಈ ಮಾತನ್ನು ನೆನಪಿನಲ್ಲಿಡಬೇಕು.

ಹಾಗಾದರೆ ಸಭ್ಯರು ರಾಜಕೀಯದಿಂದ ದೂರ ಉಳಿಯುವುದೇ ಲೇಸೆ? ಇಲ್ಲಿ ಆರ್ಲೀನ್ ವಯೊಲೆಟ್ ಎಂಬ ಮಹಿಳೆಯ ಜೀವನವನ್ನು ನೆನೆಯಬೇಕಾಗಿದೆ. 'ಸಿಸ್ಟರ್ಸ್ ಆಫ್ ಮರ್ಸಿ' ಸಭೆಯ ಧರ್ಮಭಗಿನಿಯಾಗಿದ್ದುಕೊಂಡೇ ವಕೀಲರಾಗಿದ್ದ ಅವರು ಅಟಾರ್ನಿ ಜನರಲ್ ಹುದ್ದೆಗೆ 1982ರಲ್ಲಿ ಸ್ಪರ್ಧಿಸಿ ಸೋತಿದ್ದರು. 1983ರಲ್ಲಿ ಹೊರಬಂದ ಧರ್ಮಸಭೆಯ ಹೊಸ ಕಾನೂನು ಸಂಹಿತೆಯು, ರಾಜ್ಯಾಧಿಕಾರವನ್ನು ಚಲಾಯಿಸುವ ಹುದ್ದೆಗಳನ್ನು ಗುರುಗಳೂ ವ್ರತಧಾರಿಗಳೂ ವಹಿಸಿಕೊಳ್ಳುವುದನ್ನು ನಿಷೇಧಿಸುತ್ತದೆ. ವ್ರತ ಅಥವಾ ಹುದ್ದೆ ಎಂಬ ಆಯ್ಕೆ ಎದುರಾದಾಗ ಅವರು ಸಭೆಯನ್ನು ತೊರೆದು 1984ರಲ್ಲಿ ಮತ್ತೆ ಸ್ಪರ್ಧಿಸಿ ಗೆದ್ದರು. ಅಮೆರಿಕದಲ್ಲಿ ಜನರಿಂದ ಚುನಾಯಿತರಾದ ಪ್ರಥಮ ಮಹಿಳಾ ಅಟಾರ್ನಿ ಜನರಲ್ ಅವರೇ. 1986ರಲ್ಲಿ ಅದೇ ಮತದಾರರು ಅವರ ಪಕ್ಷದವರೇ ಆದ ಗವರ್ನರರನ್ನು ಪುನಃ ಗೆಲ್ಲಿಸಿ, ಅವರನ್ನು ಸೋಲಿಸಿದರು.

ಅವರ ನಿರ್ಧಾರದ ತಪ್ಪು ಒಪ್ಪುಗಳನ್ನು ತೂಗುವುದು ನಮ್ಮ ಉದ್ದೇಶವಲ್ಲ. ಆದರೆ ಧರ್ಮಸಭೆಯ ಆ ನಿಯಮವನ್ನು ರಾಜಕೀಯದ ಬಗೆಗಿನ ತಿರಸ್ಕಾರವೆಂದು ತಿಳಿಯುವುದು ದೊಡ್ಡ ತಪ್ಪಾದೀತು. ಆ ಹೊಲವನ್ನು ಉಳುವ ಹೊಣೆ ಗೃಹಸ್ಥ ವಿಶ್ವಾಸಿಗಳದ್ದು ಎಂಬುದೇ ಅದರ ತಿರುಳು. ಜನಹಿತಕ್ಕಾಗಿ ಸಾರ್ವಜನಿಕ ಹುದ್ದೆಗಳ ಭಾರ ಹೊರುವವರನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ಶ್ಲಾಘಿಸಿದೆ. ಪ್ರತಿಯೊಂದು ಪ್ರಶ್ನೆಗೂ ಗುರುಗಳಿಂದಲೇ ಸಿದ್ಧ ಉತ್ತರವನ್ನು ನಿರೀಕ್ಷಿಸಬಾರದೆಂದೂ ಅದು ಎಚ್ಚರಿಸಿದೆ. ಗುರುಗಳು ಮತ್ತು ಭಗಿನಿಯರು ನಿಲ್ಲುವಂತಿಲ್ಲ, ಗೃಹಸ್ಥರು ನಿಲ್ಲಲೊಲ್ಲರು ಎಂದಾದರೆ ಆ ಹೊಲದಲ್ಲಿ ಕಳೆಯಲ್ಲದೆ ಮತ್ತೇನು ಬೆಳೆದೀತು?

ನಮ್ಮ ಮನೆಗಳ ಮಾತನ್ನೇ ನೋಡೋಣ. ಮಗ ಎಂಜಿನಿಯರ್ ಆಗಲಿ, ಮಗಳು ದಾದಿಯಾಗಿ ವಿದೇಶಕ್ಕೆ ಹೋಗಲಿ, ದೇವರ ಕರೆ ಬಂದರೆ ಒಬ್ಬನು ಗುರುವಾಗಲಿ ಎಂದು ಹರಸುವ ನಾವು, ಅವರಲ್ಲೊಬ್ಬರು ಪಂಚಾಯತಿಗೆ ನಿಲ್ಲುತ್ತೇನೆಂದರೆ ಹೌಹಾರುತ್ತೇವೆ. ಚುನಾವಣೆ ಹತ್ತಿರವಾದಾಗ ಮಾತ್ರ 'ನಮ್ಮವರಿಗೆ ಯಾರೂ ಟಿಕೇಟು ಕೊಡಲಿಲ್ಲ' ಎಂದು ಕೊರಗುತ್ತೇವೆ.

ರೋಡ್ ಐಲೆಂಡ್‌ನಲ್ಲಿ ಹಿಂದೆ ಮತಪತ್ರದಲ್ಲಿ ಒಂದೇ ಗುರುತು ಹಾಕಿ ಒಂದು ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಮತ ನೀಡುವ ಸೌಕರ್ಯವಿತ್ತು. 2014ರಲ್ಲಿ ಕಾಯಿದೆಯ ಮೂಲಕ ಅದನ್ನು ರದ್ದುಗೊಳಿಸಲಾಯಿತು. ಈಗ ಮತದಾರನು ಪ್ರತಿಯೊಂದು ಹುದ್ದೆಯ ಮುಂದೆಯೂ ನಿಂತು, ಹೆಸರುಗಳನ್ನು ಓದಿ, ಬೇರೆ ಬೇರೆಯಾಗಿ ತೀರ್ಮಾನಿಸಬೇಕು. ಇದು ವ್ಯರ್ಥ ಶ್ರಮವಲ್ಲ. 2021ರಲ್ಲಿ ರೈಮಾಂಡೊ ಕೇಂದ್ರ ಸಂಪುಟಕ್ಕೆ ತೆರಳಿದಾಗ, 2018ರಲ್ಲಿ ಎರಡನೆಯ ಹುದ್ದೆಗೆ ಚುನಾಯಿತರಾಗಿದ್ದ ಡೇನಿಯಲ್ ಮೆಕೀ ಗವರ್ನರ್ ಆದರು. ಎರಡನೆಯ ಸಾಲನ್ನು ಓದದೆ ಗುರುತು ಹಾಕಿದವರು ತಮಗರಿವಿಲ್ಲದೆಯೇ ರಾಜ್ಯದ ಮುಖ್ಯಸ್ಥರನ್ನು ಆರಿಸಿದಂತಾಯಿತು.

ಜಾತಿ, ಪಕ್ಷ, ಧರ್ಮಕೇಂದ್ರದ ಪರಿಚಯ, ಇವೆಲ್ಲ ನಮ್ಮ ಪಾಲಿನ ಆ 'ಒಂದೇ ಗುರುತು'ಗಳು. ಅವನ್ನು ರದ್ದುಗೊಳಿಸಲು ಕಾಯಿದೆ ಬೇಕಾಗಿಲ್ಲ. ಪ್ರತಿ ಹೆಸರಿನ ಮುಂದೆಯೂ ಒಂದು ಕ್ಷಣ ನಿಂತು, ಈತನಿಂದ ಬಡವನಿಗೆ ನ್ಯಾಯ ಸಿಕ್ಕೀತೇ ಎಂದು ಆತ್ಮಸಾಕ್ಷಿಯನ್ನು ಕೇಳಿಕೊಂಡರೆ ಸಾಕು. ಮುಂದಿನ ಬಾರಿ ಆ ಹೆಸರುಗಳ ಪಟ್ಟಿಯಲ್ಲಿ ನಮ್ಮ ಮನೆಯ ಮಗಳೋ ಮಗನೋ ಇದ್ದರೆ, ತಡೆಯದೆ ತಲೆಯ ಮೇಲೆ ಕೈಯಿಟ್ಟು ಹರಸೋಣ. ಗೆದ್ದರೆ, ಅದೇ ಪ್ರಶ್ನೆಯನ್ನು ಅವರಿಗೂ ಬಿಡದೆ ಕೇಳೋಣ.