ಅಪರಿಚಿತ ಪ್ರಶ್ನೆಯ ಮುಂದೆ

ಎಂದೂ ಕಾಣದ ಪ್ರಶ್ನೆಯೊಂದು ಪರೀಕ್ಷೆಯಲ್ಲಿ ಎದುರಾದಾಗ ವಿದ್ಯಾರ್ಥಿಯ ಧೈರ್ಯ ಕುಂದುವುದು ಸಹಜ. ಆ ಗಳಿಗೆಯಲ್ಲಿ ಕಂಠಪಾಠ ಕೈಕೊಡುತ್ತದೆ. ಅರಗಿಸಿಕೊಂಡ ವಿದ್ಯೆ ಮಾತ್ರ ನೆರವಿಗೆ ಬರುತ್ತದೆ. ಈ ಮಾತಿಗೆ ದೂರದ ನಿದರ್ಶನವೊಂದನ್ನು ಶಿಕ್ಷಕ ಬಂಧುಗಳ ಹಾಗೂ ಶಾಲೆಯ ಹಿತೈಷಿಗಳ ಮುಂದಿಡಬಯಸುತ್ತೇನೆ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮನೆ, ನಿವೇಶನಗಳ ಮಾರಾಟದಲ್ಲಿ ಮಧ್ಯವರ್ತಿಯಾಗಬಯಸುವವರು ಸರ್ಕಾರದ ಪರವಾನಗಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮಾರಾಟ ಪ್ರತಿನಿಧಿಯ ಪರೀಕ್ಷೆಗೆ 150 ಪ್ರಶ್ನೆಗಳು, 3 ಗಂಟೆಗಳ ಅವಧಿ; ಶೇಕಡ 70ರಷ್ಟು ಉತ್ತರಗಳು ಸರಿಯಾಗಿರಬೇಕು. ಎಂದರೆ 45 ಪ್ರಶ್ನೆಗಳು ತಪ್ಪಿದರೂ ತೇರ್ಗಡೆಗೆ ಅಡ್ಡಿಯಿಲ್ಲ. ಇದನ್ನರಿತವನು ತಿಳಿಯದ ಒಂದು ಪ್ರಶ್ನೆಗೆ ಎದೆಗುಂದುವುದಿಲ್ಲ. ಬಲ್ಲುದನ್ನು ಮೊದಲು ಮುಗಿಸುತ್ತಾನೆ. ಅನಂತರ ಮರಳಿ ಬಂದು, ಸಲ್ಲದ ಉತ್ತರಗಳನ್ನು ತಳ್ಳಿಹಾಕಿ, ಉಳಿದವನ್ನು ತೂಗಿ ನೋಡುತ್ತಾನೆ.

ತೂಗಿ ನೋಡುವ ಬಗೆಯನ್ನು ಒಂದು ಲೆಕ್ಕದಿಂದ ವಿವರಿಸಬಹುದು. 330 ಅಡಿ ಉದ್ದ, 132 ಅಡಿ ಅಗಲದ ಭೂಮಿ ಎಷ್ಟು ಎಕರೆ? ಎಕರೆಗೆ 43,560 ಚದರ ಅಡಿ ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡಿ ಮರೆತವನು ಇಲ್ಲಿ ನಿಂತುಬಿಡುತ್ತಾನೆ. ಗುಂಟೆಯೆಂದರೆ 33 ಅಡಿ ಚೌಕ, 40 ಗುಂಟೆಗೆ ಒಂದು ಎಕರೆ ಎಂದು ಬಲ್ಲ ನಮ್ಮ ರೈತನ ಮಗನಾದರೋ ಉದ್ದದಲ್ಲಿ 10, ಅಗಲದಲ್ಲಿ 4 ಎಂದೆಣಿಸಿ, 40 ಗುಂಟೆ, ಒಂದು ಎಕರೆ ಎಂದು ಬರೆದಾನು. ಪ್ರಶ್ನೆ ಹೊಸದು, ಅದನ್ನು ಬಿಡಿಸಿದ ಅರಿವು ಅವನ ಹೊಲದ್ದು.

ಇನ್ನೊಂದು ಬಗೆಯ ಪ್ರಶ್ನೆಯುಂಟು. ಮಳೆಗಾಲದಲ್ಲಿ ಛಾವಣಿ ಸೋರುವುದನ್ನು ಕೊಳ್ಳುವವರಿಗೆ ಹೇಳಬೇಡವೆಂದು ಮನೆಯ ಒಡೆಯ ಸೂಚಿಸಿದರೆ ಮಧ್ಯವರ್ತಿ ಏನು ಮಾಡಬೇಕು? ಕಾನೂನಿನ ಕಲಮು ನೆನಪಿಗೆ ಬಾರದಿದ್ದರೂ, ತಿಳಿದ ದೋಷವನ್ನು ಮುಚ್ಚಿಡಲಾಗದೆಂಬ ಮೂಲತತ್ತ್ವವನ್ನು ಹಿಡಿದವನು ಸರಿಯಾದ ಉತ್ತರವನ್ನೇ ಆರಿಸುತ್ತಾನೆ. ಪ್ರಶ್ನೆಭಂಡಾರಗಳನ್ನು ಉರುಹೊಡೆಸುವ ತರಬೇತಿಗಿಂತ ತತ್ತ್ವವನ್ನು ಮನಗಾಣಿಸುವ ಬೋಧನೆ ಮೇಲೆಂದು ನಾನು ಹೇಳುವುದು ಇದಕ್ಕಾಗಿಯೇ.

ಆದರೆ ಪರೀಕ್ಷೆಯ ನೀತಿ ಪರೀಕ್ಷೆಗಷ್ಟೇ ಸೀಮಿತವಾಗಿರಬೇಕು. ಅಲ್ಲಿ ಊಹಿಸಿ ಬರೆದ ಉತ್ತರ ತಪ್ಪಾದರೆ ಒಂದು ಅಂಕ ಹೋದೀತು. ವೃತ್ತಿಯಲ್ಲಿ ಊಹಿಸಿ ಆಡಿದ ಮಾತು ತಪ್ಪಾದರೆ ಒಂದು ಕುಟುಂಬದ ಜೀವಮಾನದ ಉಳಿತಾಯವೇ ಹೋದೀತು. ಭಾರತದಲ್ಲಿಯೂ 2016ರ ರಿಯಲ್ ಎಸ್ಟೇಟ್ ಕಾಯಿದೆ ತನ್ನ ವ್ಯಾಪ್ತಿಯ ಯೋಜನೆಗಳನ್ನು ಮಾರುವ ಮಧ್ಯವರ್ತಿಗಳಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ನಾಳೆ ನಮ್ಮ ವಿದ್ಯಾರ್ಥಿಗಳೂ ಈ ವೃತ್ತಿಗೆ ಕಾಲಿಟ್ಟಾರು. ಆಗ ತಿಳಿಯದ ಪ್ರಶ್ನೆ ಬಂದರೆ, "ಗೊತ್ತಿಲ್ಲ, ದಾಖಲೆ ನೋಡಿ ಹೇಳುತ್ತೇನೆ" ಎನ್ನುವ ಸ್ಥೈರ್ಯ ಅವರಲ್ಲಿರಬೇಕು.

ಅಪರಿಚಿತ ಪ್ರಶ್ನೆಗೆ ಅಂಜದಿರುವ ಧೈರ್ಯ, ಅರಿಯದುದನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ: ಇವೆರಡನ್ನೂ ಕಲಿಸಿದ ಶಾಲೆ ತನ್ನ ಕರ್ತವ್ಯವನ್ನು ನೆರವೇರಿಸಿದಂತೆಯೇ ಸರಿ.