ಶುಶ್ರೂಷೆ ಮಾಡುವವರಿಗೆ ಶುಶ್ರೂಷೆ ಬೇಡವೇ?

ಯಯಾತಿಯ ಕಥೆ ಕನ್ನಡಿಗರಿಗೆ ಹೊಸದಲ್ಲ. ಶಾಪದಿಂದ ಅಕಾಲದಲ್ಲಿ ಮುಪ್ಪಡರಿದ ತಂದೆಗೆ ಕಿರಿಯ ಮಗನಾದ ಪುರು ತನ್ನ ಯೌವನವನ್ನು ಧಾರೆಯೆರೆದು, ತಂದೆಯ ಮುಪ್ಪನ್ನು ತಾನು ಹೊತ್ತುಕೊಂಡನು. ಪಿತೃಭಕ್ತಿಗೆ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲವೆಂದು ಪುರಾಣ ಹೇಳುವವರೂ ಕೇಳುವವರೂ ತಲೆದೂಗುತ್ತ ಬಂದಿದ್ದಾರೆ. ಆದರೆ 1961ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕದಲ್ಲಿ ಪುರುವಿನ ಹೆಂಡತಿ ಚಿತ್ರಲೇಖೆಯೂ ರಂಗಕ್ಕೆ ಬರುತ್ತಾಳೆ. ಗಂಡನು ತಂದೆಯ ಮುಪ್ಪನ್ನು ಹೊರುವಾಗ ಅವಳನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ. ಕೊನೆಗೆ ಅವಳು ಪ್ರಾಣವನ್ನೇ ನೀಗುತ್ತಾಳೆ. ತ್ಯಾಗದ ಕೀರ್ತಿ ಮಗನಿಗೆ. ಅದರ ಬೆಲೆ ಸೊಸೆಗೆ.

ಇದು ಕೇವಲ ನಾಟಕದ ಮಾತೆಂದು ತಳ್ಳಿಹಾಕುವಂತಿಲ್ಲ. ತಾಪಿ ನದಿಯ ಆಚೆ ದಡದಲ್ಲಿ, ರಾಂದೇರದ ಮಗ್ಗುಲಲ್ಲಿ ಹಬ್ಬಿರುವ ಅಡಾಜಣದ ಯಾವುದೇ ಸೊಸೈಟಿಯಲ್ಲಿ ಒಂದು ಕನ್ನಡ ಮನೆಯನ್ನು ಊಹಿಸಿಕೊಂಡರೆ ಸಾಕು. ಹೋಟೆಲೆಂದೋ, ಬ್ಯಾಂಕಿನ ವರ್ಗಾವಣೆಯೆಂದೋ, ಹಜೀರಾದ ಕಾರ್ಖಾನೆಗಳೆಂದೋ ದಶಕಗಳ ಹಿಂದೆ ಬಂದ ಯಜಮಾನರಿಗೆ ಈಗ ಅರವತ್ತು ದಾಟಿದೆ. ಊರಿನಲ್ಲಿ ತಂದೆ ತೀರಿಕೊಂಡ ಮೇಲೆ ಎಂಬತ್ತೈದರ ತಾಯಿಯನ್ನು ಇಲ್ಲಿಗೆ ಕರೆತಂದಿದ್ದಾರೆ. ಬಂಧುಗಳೆಲ್ಲ “ಮಗನೆಂದರೆ ಹೀಗಿರಬೇಕು” ಎನ್ನುತ್ತಾರೆ. ಆ ತಾಯಿಯನ್ನು ಬೆಳಗ್ಗೆ ಎಬ್ಬಿಸಿ, ಮೀಯಿಸಿ, ಉಣ್ಣಿಸಿ, ಮಾತ್ರೆ ಕೊಟ್ಟು, ರಾತ್ರಿ ಮೂರು ಬಾರಿ ಬಚ್ಚಲಿಗೆ ಕೈಹಿಡಿದು ನಡೆಸುವ ಸೊಸೆಗೂ ಅರವತ್ತಾಗಿದೆ. ಅವಳಿಗೂ ಮಂಡಿನೋವಿದೆ, ರಕ್ತದೊತ್ತಡವಿದೆ. “ನೀವು ಹೇಗಿದ್ದೀರಿ?” ಎಂದು ಅವಳನ್ನು ಕೇಳುವವರು ಎಷ್ಟು ಮಂದಿ?

ಹಿಂದಿನ ಕಾಲದಲ್ಲಿ ಹಿರಿಯರ ಸೇವೆ ಯಾರಿಗೂ ಭಾರವಾಗಿರಲಿಲ್ಲ, ಇಂದಿನವರಿಗೆ ಸಹನೆಯಿಲ್ಲ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಇದನ್ನು ಪೂರ್ತಿಯಾಗಿ ಒಪ್ಪಲಾಗದು. ಅವಿಭಕ್ತ ಕುಟುಂಬದ ಮನೆಯಲ್ಲಿ ಒಬ್ಬಳು ಗಂಜಿ ಕಾಯಿಸಿದರೆ ಇನ್ನೊಬ್ಬಳು ಕಾಲೊತ್ತುತ್ತಿದ್ದಳು; ಮೊಮ್ಮಕ್ಕಳು ಕಥೆ ಕೇಳುವ ನೆಪದಲ್ಲಿ ಕಾವಲಿರುತ್ತಿದ್ದರು. ಹಾಸಿಗೆ ಹಿಡಿದ ಮೇಲೆ ಬಹುಕಾಲ ಬದುಕುವವರೂ ವಿರಳವಾಗಿದ್ದರು. ಇಂದು ವೈದ್ಯಶಾಸ್ತ್ರ ಆಯುಸ್ಸನ್ನು ನೀಡಿದೆ. ನಗರ ಜೀವನ ಕೈಗಳನ್ನು ಕಸಿದುಕೊಂಡಿದೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ, ಅಂದರೆ ಜನಸಂಖ್ಯೆಯ ಶೇಕಡಾ 8.6ರಷ್ಟು. ಅಂದು ಐದಾರು ಜನ ಹಂಚಿಕೊಳ್ಳುತ್ತಿದ್ದ ಕೆಲಸ ಇಂದು ಎರಡು ಕೋಣೆಯ ಫ್ಲಾಟಿನಲ್ಲಿ ಒಬ್ಬರ ಪಾಲಿಗೆ ಬಂದಿದೆ. ಸಹನೆ ಕಡಿಮೆಯಾಗಿಲ್ಲ, ಸಹಾಯ ಕಡಿಮೆಯಾಗಿದೆ.

ಆ ಒಬ್ಬರು ಬಹುಪಾಲು ಹೆಂಗಸರೇ ಎಂಬುದಕ್ಕೆ ಸರ್ಕಾರದ ಲೆಕ್ಕವೂ ಸಾಕ್ಷಿಯಾಗಿದೆ. 2019ರ ಕಾಲ ಬಳಕೆಯ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 134 ನಿಮಿಷಗಳನ್ನೂ ಗಂಡಸರು 76 ನಿಮಿಷಗಳನ್ನೂ ವ್ಯಯಿಸುತ್ತಿದ್ದುದು ಕಂಡುಬಂತು. ಮಕ್ಕಳ ಪಾಲನೆಯೂ ಇದರಲ್ಲಿ ಸೇರಿದೆ. ಅಡುಗೆ, ಬಟ್ಟೆ, ಪಾತ್ರೆಗಳ ಲೆಕ್ಕ ಬೇರೆ. ಕಾನೂನಿನ ಸ್ಥಿತಿ ಇನ್ನೂ ವಿಚಿತ್ರ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ಆದ ಕಾಯ್ದೆಯು ಮಗ, ಮಗಳು, ಮೊಮ್ಮಗ, ಮೊಮ್ಮಗಳು ಇವರನ್ನು ಹೊಣೆಗಾರರನ್ನಾಗಿ ಮಾಡಿತು; ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಕೊಡಿಸುವ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. ಉಪೇಕ್ಷಿತರಾದ ಎಷ್ಟೋ ಹಿರಿಯರಿಗೆ ಅದು ಆಸರೆಯೆಂಬುದು ನಿಜ. ಆದರೆ ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಸೊಸೆಯಿಲ್ಲ. ಮನೆಯ ವಾಸ್ತವದಲ್ಲಿ ಸೊಸೆಯೇ ಎಲ್ಲ. ಕರ್ತವ್ಯ ತಪ್ಪಿದವರಿಗೆ ಏನು ಮಾಡಬೇಕೆಂದು ಕಾನೂನು ಹೇಳಿತು. ಕರ್ತವ್ಯ ಮಾಡುತ್ತ ಸೋತವರಿಗೆ ಏನು ಮಾಡಬೇಕೆಂದು ಹೇಳಲಿಲ್ಲ.

ಈ ಮರೆವು ಭಾರತದ್ದು ಮಾತ್ರವಲ್ಲ. ಬ್ರಿಟನ್ನಿನಲ್ಲಿ ರೋಗಿಗಳ ಆರೈಕೆಗಾಗಿ ಮನೆಯಲ್ಲೇ ಉಳಿದವರಿಗೆ 1976ರಲ್ಲಿ ಭತ್ಯೆ ಆರಂಭವಾದಾಗ ವಿವಾಹಿತ ಸ್ತ್ರೀಯರನ್ನು ಅದರಿಂದ ಹೊರಗಿಡಲಾಗಿತ್ತು. ಅವರು ಹೇಗೂ ಮನೆಯಲ್ಲೇ ಇರುವವರು ಎಂಬುದು ಅದರ ಹಿಂದಿನ ಭಾವನೆ. ತಾಯಿಯ ಆರೈಕೆಗಾಗಿ ಉದ್ಯೋಗ ಬಿಟ್ಟ ಒಬ್ಬ ಗೃಹಿಣಿ ನ್ಯಾಯಾಲಯದ ಮೆಟ್ಟಿಲೇರಿದ ಫಲವಾಗಿ 1986ರಲ್ಲಿ ಆ ತಾರತಮ್ಯ ತೊಲಗಿತು. ಜಪಾನಿನಲ್ಲಿ 2000ದಿಂದ ನಲವತ್ತು ದಾಟಿದವರೆಲ್ಲ ಕಂತು ಕಟ್ಟುವ ಆರೈಕೆ ವಿಮೆಯೇ ಜಾರಿಯಲ್ಲಿದೆ. ಹಿರಿಯರನ್ನು ಗೌರವಿಸುವುದರಲ್ಲಿ ಯಾರಿಗೂ ಕಡಿಮೆಯಲ್ಲದ ಆ ದೇಶ, ಗೌರವವೊಂದರಿಂದಲೇ ಹಾಸಿಗೆಯ ಹೊದಿಕೆ ಬದಲಾಗುವುದಿಲ್ಲವೆಂದು ಅರಿತುಕೊಂಡಿತು.

ಹೊರನಾಡ ಕನ್ನಡಿಗರ ಮನೆಗಳಲ್ಲಿ ಈ ಭಾರಕ್ಕೆ ಭಾಷೆಯ ಭಾರವೂ ಕೂಡಿಕೊಳ್ಳುತ್ತದೆ. ಊರಿನ ಜಗಲಿಯಲ್ಲಿ ಕುಳಿತು ದಾರಿಹೋಕರನ್ನೆಲ್ಲ ಮಾತನಾಡಿಸುತ್ತಿದ್ದ ಹಿರಿಯ ಜೀವ ಇಲ್ಲಿ ಐದನೆಯ ಮಹಡಿಯ ಬಾಲ್ಕನಿಯಲ್ಲಿ ಮೌನವಾಗಿ ಕುಳಿತಿರುತ್ತದೆ. ಪಕ್ಕದ ಮನೆಯ ಬಾ ಪ್ರೀತಿಯಿಂದ “ಕೇಮ್ ಛೋ?” ಎಂದರೆ ನಕ್ಕು ತಲೆಯಾಡಿಸುವುದರಲ್ಲೇ ಸಂಭಾಷಣೆ ಮುಗಿಯುತ್ತದೆ. ಹೀಗಾಗಿ ದಿನವಿಡೀ ಮಾತಿಗೆ ಮನೆಯಲ್ಲಿರುವ ಒಬ್ಬಳೇ ಗತಿ. ಅವಳೇ ದಾದಿ, ಅವಳೇ ದುಭಾಷಿ, ಅವಳೇ ಊರು. ಮರೆವಿನ ಕಾಯಿಲೆ ಬಂದರಂತೂ, ನಡುವೆ ಕಲಿತ ಹಿಂದಿ ಗುಜರಾತಿಗಳು ಮೊದಲು ಜಾರಿಹೋಗಿ ತಾಯಿನುಡಿ ಕೊನೆಯವರೆಗೆ ಉಳಿಯುವುದು ಅನೇಕರಲ್ಲಿ ಕಂಡುಬರುತ್ತದೆ. ವೈದ್ಯರು ಹಿಂದಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬಾರದಿದ್ದರೆ ಅದು ಬುದ್ಧಿಯ ಕುಂದೋ, ಭಾಷೆಯ ತೊಡಕೋ ಎಂಬುದನ್ನು ತಿಳಿಸಲು ಪಕ್ಕದಲ್ಲಿ ಕನ್ನಡ ಬಲ್ಲವರು ಇರಲೇಬೇಕು.

ಈ ಮರೆವಿನ ವಿಷಯದಲ್ಲಿ ಎರಡು ಮಾತು ಅವಶ್ಯ. ಅರವತ್ತು ದಾಟಿದ ಭಾರತೀಯರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿದೆ. ಇದು ಹಠವಲ್ಲ, ನಾಟಕವಲ್ಲ, ಮಿದುಳಿನ ಕಾಯಿಲೆ. ಊಟ ಮಾಡಿದ ಅರ್ಧ ಗಂಟೆಗೆ “ಸೊಸೆ ನನಗೆ ಊಟ ಕೊಟ್ಟಿಲ್ಲ” ಎಂದು ಅತ್ತೆ ದೂರಿದರೆ ಅದನ್ನು ನಂಬಿ ಊರಿನಿಂದ ಫೋನಿನಲ್ಲಿ ಗದರುವ ನಾದಿನಿಯರು ಈ ಸಂಗತಿಯನ್ನು ಮೊದಲು ತಿಳಿಯಬೇಕು. ಆದರೆ ಎಲ್ಲ ಮರೆವೂ ಗುಣವಾಗದ್ದೆಂದು ಕೈಚೆಲ್ಲುವುದೂ ತಪ್ಪು. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಕಿವುಡು ಇವೆಲ್ಲ ಮರೆವಿನ ವೇಷದಲ್ಲಿ ಬರಬಲ್ಲವು, ಇವುಗಳಿಗೆ ಚಿಕಿತ್ಸೆಯಿದೆ. ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಏಕಾಏಕಿ ಬಡಬಡಿಸತೊಡಗಿದರೆ “ವಯಸ್ಸಾಯಿತು” ಎಂದು ಸುಮ್ಮನಿರದೆ ಕೂಡಲೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮೂತ್ರದ ಸೋಂಕು, ನೀರಿನ ಅಭಾವ, ಸೋಡಿಯಂ ಇಳಿತ, ಹೊಸ ಮಾತ್ರೆಯ ದುಷ್ಪರಿಣಾಮ ಇವು ಅದರ ಸಾಮಾನ್ಯ ಕಾರಣಗಳು. ಸೂರತ್ತಿನ ಬೇಸಿಗೆಯಲ್ಲಿ ಹಿರಿಯರಿಗೆ ಬಾಯಾರಿಕೆಯ ಅರಿವೇ ಕಡಿಮೆಯಿರುತ್ತದೆ. ವೈದ್ಯರು ನೀರಿಗೆ ಮಿತಿ ಹೇಳಿಲ್ಲದಿದ್ದರೆ ಕೇಳದಿದ್ದರೂ ಆಗಾಗ ನೀರು, ಮಜ್ಜಿಗೆ ಕೊಡಬೇಕು.

ಇನ್ನು ಆರೈಕೆ ಮಾಡುವವರ ಆರೋಗ್ಯ. ನಿದ್ದೆಗೆಟ್ಟ ರಾತ್ರಿಗಳು, ಎತ್ತಿ ಇಳಿಸುವುದರಿಂದ ಬರುವ ಬೆನ್ನುನೋವು, ಮುಂದೂಡುತ್ತ ಬಂದ ಸ್ವಂತ ಪರೀಕ್ಷೆಗಳು, ಕಾರಣವಿಲ್ಲದೆ ಉಕ್ಕುವ ಸಿಟ್ಟು, ಸಿಟ್ಟಾದ ಮೇಲೆ ಸುಡುವ ಅಪರಾಧ ಭಾವ, ಇವು ದುರ್ಗುಣಗಳಲ್ಲ, ಲಕ್ಷಣಗಳು. 1981ರಲ್ಲಿ ಅಮೆರಿಕದಲ್ಲಿ ನ್ಯಾನ್ಸಿ ಮೇಸ್ ಮತ್ತು ಪೀಟರ್ ರಾಬಿನ್ಸ್ ಅವರು ಮರೆವಿನ ರೋಗಿಗಳ ಮನೆಯವರಿಗಾಗಿ ಬರೆದ ಪುಸ್ತಕಕ್ಕೆ ‘ಮೂವತ್ತಾರು ಗಂಟೆಗಳ ದಿನ’ ಎಂಬ ಅರ್ಥದ ಹೆಸರನ್ನೇ ಇಟ್ಟರು. ಅಂಥ ದಿನವನ್ನು ಬಲ್ಲವರಿಗೆ ಆ ಹೆಸರಿನ ವಿವರಣೆ ಬೇಕಿಲ್ಲ. ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು, ಉತ್ಸಾಹ ಇಲ್ಲವಾದರೆ ಅವರೂ ವೈದ್ಯರನ್ನು ಕಾಣಬೇಕು. ಮನೆಯಿಂದ ಹೊರಡಲಾಗದವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಿರಿಯ ನಾಗರಿಕರಿಗಾಗಿ 14567 ಸಂಖ್ಯೆಯ ಸಹಾಯವಾಣಿಯಿದೆ. ಎಪ್ಪತ್ತು ದಾಟಿದವರಿಗೆ, ವರಮಾನವೆಷ್ಟೇ ಇರಲಿ, ಆಯುಷ್ಮಾನ್ ಭಾರತ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆಯ ಚಿಕಿತ್ಸೆಯ ಸೌಲಭ್ಯ 2024ರ ಅಕ್ಟೋಬರಿನಿಂದ ದೊರೆತಿದೆ. ಅದರ ಕಾರ್ಡನ್ನು ಕಾಯಿಲೆ ಬರುವ ಮೊದಲೇ ಮಾಡಿಸಿಡುವುದು ವಿವೇಕ.

ಒಡಹುಟ್ಟಿದವರ ವಿಷಯವನ್ನು ಬಿಟ್ಟರೆ ಈ ಚರ್ಚೆ ಅಪೂರ್ಣ. ಅಡಾಜಣದ ಎಲ್ಲ ಕನ್ನಡಿಗರೂ ತಾಯಿತಂದೆಯರನ್ನು ಇಲ್ಲಿಗೆ ಕರೆತಂದಿಲ್ಲ. ಅನೇಕರ ಹಿರಿಯರು ಊರಿನಲ್ಲಿ ತಮ್ಮನ ಮನೆಯಲ್ಲೋ, ಮದುವೆಯಾಗದ ಅಕ್ಕನ ಆಸರೆಯಲ್ಲೋ ಇದ್ದಾರೆ. ಇಲ್ಲಿಂದ ತಿಂಗಳಿಗೊಮ್ಮೆ ಹಣ, ವಾರಕ್ಕೊಮ್ಮೆ ಫೋನು, ವರ್ಷಕ್ಕೊಮ್ಮೆ ರೈಲು. ಫೋನಿನಲ್ಲಿ ಸಲಹೆಗಳಿಗೆ ಬರವಿಲ್ಲ. ಹಣ ಕಳುಹಿಸುವುದು ಅವಶ್ಯವೇ. ಆದರೆ ಹಣ ಕಳುಹಿಸಿದವರು ಯಜಮಾನರೂ, ಮಲಮೂತ್ರ ಬಳಿದವರು ಆಳುಗಳೂ ಆಗುವುದು ಅನ್ಯಾಯ. ವರ್ಷಕ್ಕೆ ಹದಿನೈದು ದಿನ ರಜೆ ಹಾಕಿ ಊರಿಗೆ ಹೋಗಿ, ಆ ಹದಿನೈದು ದಿನ ಅತಿಥಿಯಾಗಿ ಉಣ್ಣುವ ಬದಲು ತಾಯಿಯ ಸೇವೆಯನ್ನು ತಾವೇ ವಹಿಸಿಕೊಂಡು, ತಮ್ಮನ ಹೆಂಡತಿಯನ್ನು ಅವಳ ತವರಿಗೆ ಕಳುಹಿಸಿದರೆ ಅದಕ್ಕಿಂತ ದೊಡ್ಡ ಉಡುಗೊರೆ ಇನ್ನೊಂದಿಲ್ಲ. ಆಸ್ತಿಯ ಪಾಲು ಕೇಳುವಾಗ ನೆನಪಾಗುವ ಸಮಾನತೆ ಆರೈಕೆಯ ಪಾಲು ಹಂಚುವಾಗಲೂ ನೆನಪಾಗಬೇಕು.

ಸಂಬಳದ ದಾದಿಯನ್ನು ಇಟ್ಟುಕೊಳ್ಳುವುದು ಅಥವಾ ಅನಿವಾರ್ಯವಾದಾಗ ಒಳ್ಳೆಯ ವೃದ್ಧಾಶ್ರಮವನ್ನು ಆಶ್ರಯಿಸುವುದು ಪಾಪವೆಂಬ ಭಾವನೆಯೂ ಬಿಡಬೇಕಾದದ್ದೇ. ಹೆತ್ತವರನ್ನು ಬಿಟ್ಟುಬಿಡುವುದು ಬೇರೆ, ನೆರವು ಪಡೆಯುವುದು ಬೇರೆ. ಮೈಮುರಿದು ಸೇವೆ ಮಾಡುತ್ತ ಒಳಗೊಳಗೇ ಶಪಿಸುವ ಮನೆಗಿಂತ, ನೆರವು ಪಡೆದು ನಗುಮೊಗದಿಂದ ಮಾತನಾಡಿಸುವ ಮನೆಯಲ್ಲಿ ಹಿರಿಯರೂ ಸುಖವಾಗಿರುತ್ತಾರೆ. ಹಿರಿಯರಿಗೂ ಒಂದು ಕರ್ತವ್ಯವಿದೆ: ಕೈಕಾಲು ಗಟ್ಟಿಯಿರುವಾಗಲೇ ತಮ್ಮ ಇಚ್ಛೆ, ಹಣಕಾಸು, ಔಷಧಿಗಳ ವಿವರಗಳನ್ನು ಬರೆದಿಡಬೇಕು, ಸೊಸೆ ಒಂದು ಸಂಜೆ ಹೊರಗೆ ಹೊರಟರೆ ಮುಖ ಗಂಟಿಕ್ಕಬಾರದು.

ಇಲ್ಲಿ ಕನ್ನಡ ಸಂಘಗಳು ಮಾಡಬಹುದಾದ ಕೆಲಸ ಬಹಳವಿದೆ, ಖರ್ಚು ಅತ್ಯಲ್ಪ. ಯಾವ ಯಾವ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆಂಬ ಪಟ್ಟಿಯೊಂದು ಸಂಘದಲ್ಲಿರಲಿ. ವಾರಕ್ಕೊಂದು ದಿನ ಎರಡು ಗಂಟೆ ಹಿರಿಯರೊಡನೆ ಕನ್ನಡದಲ್ಲಿ ಮಾತನಾಡುತ್ತ ಕುಳಿತಿರಲು ಸದಸ್ಯರು ಸರದಿ ಹಾಕಿಕೊಳ್ಳಲಿ. ಆ ಎರಡು ಗಂಟೆ ಮನೆಯಾಕೆ ದೇವಸ್ಥಾನಕ್ಕೋ ಡಾಕ್ಟರ ಬಳಿಗೋ ಹೋಗಲಿ, ಅಥವಾ ಸುಮ್ಮನೆ ನಿದ್ದೆ ಮಾಡಲಿ. ಒಬ್ಬರ ಮನೆಯಲ್ಲಿ ಕೆಲಸ ಮುಗಿದ ಗಾಲಿಕುರ್ಚಿ, ಮಡಿಚುವ ಮಂಚ, ಗಾಳಿಹಾಸಿಗೆಗಳು ಅಟ್ಟ ಸೇರುವ ಬದಲು ಸಂಘಕ್ಕೆ ಬರಲಿ. ಆಸ್ಪತ್ರೆಯಲ್ಲಿ ಗುಜರಾತಿ ಬಾರದ ಹಿರಿಯರ ಪರವಾಗಿ ಮಾತನಾಡಲು ಯುವಕರು ಮುಂದೆ ಬರಲಿ.

2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ತಾಪಿ ಉಕ್ಕಿ ಹರಿದು ಅಡಾಜಣ್, ರಾಂದೇರ್ ಪ್ರದೇಶಗಳು ಮುಳುಗಿದಾಗ ನೆಲಮಹಡಿಯ ಮನೆಗಳಿಗೆ ಮೇಲಿನ ಮಹಡಿಗಳೇ ಆಸರೆಯಾದವು. ಆ ನೀರು ಎಲ್ಲರ ಕಣ್ಣಿಗೂ ಕಾಣುವಂಥದು, ಕೆಲವು ದಿನಗಳಲ್ಲಿ ಇಳಿಯುವಂಥದು. ಮುಚ್ಚಿದ ಬಾಗಿಲೊಳಗೆ ವರ್ಷಗಟ್ಟಲೆ ನಿಂತ ನೀರು ಹೊರಗಿನವರಿಗೆ ಕಾಣುವುದಿಲ್ಲ. ಬಾಗಿಲು ತಟ್ಟಿದರೆ ಮಾತ್ರ ತಿಳಿಯುತ್ತದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ಜಗಳಕ್ಕಷ್ಟೇ ಬಳಸಬೇಕಾಗಿಲ್ಲ. ಇಂದು ಕೈಹಿಡಿದು ನಡೆಸುತ್ತಿರುವವಳಿಗೂ ನಾಳೆ ಒಂದು ಕೈ ಬೇಕಾಗುತ್ತದೆ. ಆ ಕೈ ಉಳಿಯಬೇಕಾದರೆ ಈ ವಾರವೇ ಯಾರಾದರೂ ಅವಳ ಬಾಗಿಲು ತಟ್ಟಿ, “ನೀವು ಹೋಗಿ ಬನ್ನಿ, ಅಮ್ಮನ ಹತ್ತಿರ ನಾವಿರುತ್ತೇವೆ” ಎನ್ನಬೇಕು.